ಬಲಕ್ಕೆ ಬಿದ್ದ ಹೂ

ಮೋನಪ್ಪ ಪತ್ತಾರ ಆ ಬೆಳಿಗ್ಗೆ ಆಶ್ರಮಕ್ಕೆ ಬಂದದ್ದು ಕೇಳಲಿಕ್ಕಲ್ಲ, ಹೂಂ ಅನ್ನಿಸಿಕೊಳ್ಳಲಿಕ್ಕೆ.

ಕೈಯಲ್ಲಿ ಬಾಳೆಹಣ್ಣು, ಎಲೆಯಲ್ಲಿ ಸುತ್ತಿದ ಬಿಳಿ ಕಣಗಿಲೆ ಹೂ. ಸೊಂಟದ ದಾರಕ್ಕೆ ಅಂಗಡಿಯ ಕೀಲಿಕೈ. ಅಪ್ಪನ ಕಾಲದಿಂದ ಬಂದ ಅಕ್ಕಸಾಲೆ ಅಂಗಡಿ ಅದು. ಕೀಲಿಕೈಯನ್ನು ಅವನು ಸಂಜೆಯೊಳಗೆ ಮೊಬೈಲ್ ಮಾರುವವನೊಬ್ಬನ ಕೈಗೆ ಕೊಡುವವನಿದ್ದ.

ಆಶ್ರಮ ಅಂದರೆ ದೊಡ್ಡದೇನಲ್ಲ ಬಿಡಿ. ಹೊಳೆ ದಂಡೆ, ಒಂದು ಬೇವಿನ ಮರ, ಎರಡು ಮಣ್ಣಿನ ಖೋಲಿ, ಪಕ್ಕದಲ್ಲಿ ವೀರಭದ್ರನ ಪುಟ್ಟ ಗುಡಿ. ಅಲ್ಲಿದ್ದವರು ಶಾಂತಪ್ಪಜ್ಜ. ಸುತ್ತಲಿನ ಮಂದಿಗೆಲ್ಲ ಅವರು ಅಜ್ಜಾರು. ಮೋನಪ್ಪನಿಗೆ ಅಕ್ಷರ, ಧ್ಯಾನ, ಬೈಗುಳ ಮೂರೂ ಸಿಕ್ಕಿದ್ದು ಅವರಿಂದಲೇ. ಈಗ ಮೀಸೆ ಬೆಳ್ಳಗಾಗಿದ್ದರೂ ಅವರ ಮುಂದೆ ನಿಂತರೆ ಅವನು ಹುಡುಗನೇ ಆಗಿಬಿಡುತ್ತಿದ್ದ.

ಅಜ್ಜಾರು ಬೇವಿನ ನೆರಳಲ್ಲಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು.

"ಬಾರೋ ಮೋನ್ಯಾ. ಹೂ ತಂದೀ ಅಂದ್ರ ಏನೋ ದೊಡ್ಡದ ಕೇಳಾವ ಇದ್ದೀ."

"ಹೌದ್ರಿ ಅಜ್ಜಾರ. ವೀರಭದ್ರಗ ಒಂದು ಪ್ರಸಾದ ಕೇಳೂದೈತ್ರಿ."

ಪ್ರಸಾದ ಕೇಳುವುದೆಂದರೆ ಹೀಗೆ. ವೀರಭದ್ರನ ಬೆಳ್ಳಿ ಮುಖವಾಡದ ಕಿರೀಟದ ಮೇಲೆ ಒದ್ದೆ ಹೂ ಇಟ್ಟು, ಮನಸ್ಸಿನಲ್ಲಿದ್ದದ್ದನ್ನು ಹೇಳಿ, ಕೈಮುಗಿದು ಕೂಡುವುದು. ಹೂ ಬಲಕ್ಕೆ ಜಾರಿ ಬಿದ್ದರೆ ದೇವರು ಹೂಂ ಅಂದ ಹಾಗೆ. ಎಡಕ್ಕೆ ಬಿದ್ದರೆ ಒಲ್ಲೆ ಅಂದ ಹಾಗೆ. ಆ ಊರಿನವರು ತಮ್ಮ ವೀರಭದ್ರ ಮೀಸೆ ಮಾತ್ರ ಉಗ್ರ, ಮನಸ್ಸು ಬೆಣ್ಣೆ ಅನ್ನುತ್ತಿದ್ದರು. ಕೇಳಿ ಹೋದವರು ಯಾರೂ ಸಪ್ಪೆ ಮೋರೆ ಮಾಡಿಕೊಂಡು ಮರಳಿರಲಿಲ್ಲ.

ಆ ಮುಖವಾಡ ಮಾಡಿದ್ದು ಮೋನಪ್ಪನ ಅಪ್ಪ, ಕಾಳಪ್ಪ ಪತ್ತಾರ. ಆಗ ಮೋನಪ್ಪ ಪಕ್ಕದಲ್ಲಿ ಕೂತು ಕುಲುಮೆಯ ತಿದಿ ಒತ್ತಿದ್ದ.

"ದೇವ್ರು ಎಲ್ಲೂ ಓಡಿ ಹೋಗೂದಿಲ್ಲ. ಕುಂದ್ರು. ಜೋಳದಾಗಿನ ಹರಳ ಆರಿಸು," ಅಂದರು ಅಜ್ಜಾರು.

ಮೋನಪ್ಪ ಕುಳಿತ. ಹರಳು ಆರಿಸಲು ಕೈ ಹಾಕಿದ. ಮನಸ್ಸು ಮಾತ್ರ ಮೊರದಲ್ಲಿರಲಿಲ್ಲ.

"ಏನದು, ಹೇಳಿಬಿಡು. ಹೊಟ್ಟ್ಯಾಗ ಇಟ್ಕೊಂಡ್ರ ಉಬ್ಬತೈತಿ."

ಮೋನಪ್ಪ ಹೇಳಿದ. ಸಮುದ್ರದಾಚೆ, ಆಫ್ರಿಕಾದಲ್ಲಿ, ಕಾಡಿನ ನಡುವೆ ಒಂದು ಹೊಳೆ. ಆ ಹೊಳೆಯ ದಂಡೆಯಲ್ಲಿ ಬಂಗಾರದ ಮಣ್ಣು. ದೊಡ್ಡ ಕಂಪನಿಯ ಗಣಿಯಲ್ಲ, ಸಣ್ಣದು. ಒಂದಿಷ್ಟು ಜನ ಅಗೆಯುತ್ತಾರೆ, ಪಂಪು ಹಚ್ಚಿ ತೊಳೆಯುತ್ತಾರೆ, ಬಂಗಾರ ಹಿಡಿಯುತ್ತಾರೆ. ಅದರಲ್ಲೊಂದು ಪಾಲು ಖಾಲಿ ಇದೆ. ಸುಭಾಸ ಅಂತ ಒಬ್ಬ, ಅಲ್ಲಿಗೆ ಹೋಗಿ ಬಂದು ಮಾಡುವವನು, ಅದನ್ನು ಮೋನಪ್ಪನಿಗೇ ಕೊಡಿಸುತ್ತೇನೆ ಅಂದಿದ್ದಾನೆ. ಅಂಗಡಿ ಮಾರಿದ ದುಡ್ಡು ನಾಳೆ ಕಳಿಸಿದರೆ ಪಾಲು ಇವನದು.

"ಅಂಗಡಿ ಪೂರಾ ಮಾರತೀಯಾ?"

"ಪೂರಾ ರೀ."

"ನಿನ್ನ ಹೇಣ್ತಿ ನೀಲವ್ವ ಏನಂದ್ಲು?"

"ಅಜ್ಜಾರು ಹೂಂ ಅಂದ್ರ ನಂದೂ ಹೂಂ ಅಂದಾಳ್ರಿ."

"ಜಾಣಿ ಆಕಿ. ಭಾರ ನನ್ನ ಮ್ಯಾಲೆ ಹಾಕಿಬಿಟ್ಲು," ಅಂದು ಅಜ್ಜಾರು ನಕ್ಕರು.

ಮೋನಪ್ಪ ನಗಲಿಲ್ಲ. ಎಷ್ಟೋ ದಿನದಿಂದ ಒಳಗೆ ಕುದಿಯುತ್ತಿದ್ದದ್ದು ಹೊರಗೆ ಬಂತು.

"ಅಜ್ಜಾರ, ಈಗ ಯಾರೂ ನಮ್ಮ ಕಡೆ ಒಡವಿ ಮಾಡಸೂದಿಲ್ರಿ. ಎಲ್ಲಾರೂ ಪ್ಯಾಟಿ ಶೋರೂಮಿಗೆ ಹೊಂಟಾರ. ನನ್ನ ಕಡೆ ಬರಾವ್ರು ಕಿವ್ಯಾಗಿನ ಮುರದ ಬೆಂಡೋಲಿ ಬೆಸಸಾಕ ಬರತಾರ. ಹುಟ್ಟಿದಾಗಿಂದ ಮಂದಿ ಬಂಗಾರ ಮುಟ್ಟೇನ್ರಿ. ಸಾಯೂದ್ರಾಗ ಒಮ್ಮೆ ಇದು ನಂದು ಅನ್ನೂ ಬಂಗಾರ ಮುಟ್ಟಬೇಕ್ರಿ."

ಅಜ್ಜಾರ ಕೈ ಮೊರದಲ್ಲಿ ನಿಂತಿತು. ಶಿಷ್ಯನ ಮುಖ ನೋಡಿದರು. ಆಸೆಬುರುಕ ಅಂತ ಬೈಯಬಹುದಿತ್ತು, ಬೈಯಲಿಲ್ಲ. ಅವನು ಕೆಟ್ಟವನಲ್ಲ ಅಂತ ಅವರಿಗೆ ಗೊತ್ತಿತ್ತು. ದಣಿದಿದ್ದ, ಅಷ್ಟೇ.

"ಖರೇ ಮಾತು ಹೇಳಿದಿ. ಇನ್ನ ನಾ ಒಂದೀಟು ಕೇಳ್ಲೇನು? ನನಗ ಗಣಿ ಗಿಣಿ ತಿಳೀದು. ಹೊಲದಾಂವ ಕೇಳಿದಂಗ ಕೇಳ್ತೇನಿ."

"ಕೇಳ್ರಿ."

"ಆ ನೆಲ ನೋಡಿಯೇನು?"

"ವಿಡಿಯೋದಾಗ ನೋಡೇನ್ರಿ."

"ಅದರ ಕಾಗದ ಪತ್ರ?"

"ಅದಾವ್ರಿ. ಫ್ರೆಂಚ್ ಭಾಷಾದಾಗ ಅದಾವು."

"ನಿನಗ ಬರತೈತೇನು?"

"ಸುಭಾಸಗ ಬರತೈತ್ರಿ."

"ಹೂಂ." ಅಜ್ಜಾರು ಒಂದು ಹರಳು ತೆಗೆದು ಬದಿಗಿಟ್ಟರು. "ಮಳಿಗಾಲದಾಗ ಆ ಹೊಳಿ ದಂಡಿ ಉಳೀತೈತೇನು?"

"ಅದನ್ನ ಕೇಳಿಲ್ರಿ."

"ಅಲ್ಲಿ ಸರ್ಕಾರದವರು ಬಂದು ನಾಳಿಂದ ಬಂದ್ ಮಾಡ್ರಿ ಅಂದ್ರ?"

"ಹಂಗಾಗೂದಿಲ್ಲ ಅಂದಾನ್ರಿ ಸುಭಾಸ."

"ಇನ್ನೊಬ್ಬ ಪಾಲಿನಾಂವ ಯಾರರ ಇದ್ರ ಅವನ್ನ ಕೇಳಿಯೇನು?"

"ಕೇಳೇನ್ರಿ. ಭಾಳ ಚಲೋ ಐತಿ ಅಂದಾ."

"ಅಂವ ಯಾರು?"

ಮೋನಪ್ಪ ಜೋಳ ನೋಡುತ್ತ ಹೇಳಿದ. "ಸುಭಾಸನ ಭಾವ ರೀ."

ಅಜ್ಜಾರು ಇನ್ನೊಂದು ಹರಳು ಬದಿಗಿಟ್ಟರು. ಮೋನಪ್ಪನಿಗೆ ಕಸಿವಿಸಿಯಾಯಿತು. ಇಷ್ಟಕ್ಕೂ ತಾನೇನು ಕುರುಡನೇ? ಕೊನೆಗೆ ಬಚ್ಚಿಟ್ಟುಕೊಂಡಿದ್ದ ದೊಡ್ಡ ಮಾತನ್ನು ಹೊರಗೆ ತೆಗೆದ.

"ಅಜ್ಜಾರ, ಅದೆಲ್ಲಾ ಇರ್ಲಿ. ಅಂವ ಒಂದು ಚಿಟಿಕಿ ಬಂಗಾರದ ಪುಡಿ ತಂದು ಕೊಟ್ಟಾನ್ರಿ, ಆ ಹೊಳೀದು. ನಾನ ಕರಗಿಸಿದೆ, ನಾನ ಒರಿಗೆ ಹಚ್ಚಿದೆ. ಅಪ್ಪಟ ರೀ. ಬಂಗಾರದಾಗ ನನಗ ಮೋಸ ಮಾಡೂ ಮನಷ್ಯಾ ಇನ್ನೂ ಹುಟ್ಟಿಲ್ಲ."

ಇದು ಮಾತ್ರ ಜಂಬದ ಮಾತಲ್ಲ. ಒರೆಗಲ್ಲಿನ ಮುಂದೆ ಕೂತ ಮೋನಪ್ಪನಿಗೆ ಆ ಪೇಟೆಯಲ್ಲಿ ಸರಿಸಾಟಿ ಇರಲಿಲ್ಲ.

"ಹೌದಲ್ಲ. ನಿನ್ನ ಕಲ್ಲು ಸುಳ್ಳು ಹೇಳೂದಿಲ್ಲ," ಅಂದರು ಅಜ್ಜಾರು.

"ಹೇಳೂದಿಲ್ರಿ."

"ಬಂಗಾರ ಚಲೋ ಐತಿ ಅಂತ ಹೇಳ್ತು."

"ಹೌದ್ರಿ."

"ಯಾವ ಹೊಳೀದು ಅಂತ ಹೇಳ್ತೇನು?"

ಮೋನಪ್ಪ ಮೊರದಿಂದ ಕೈ ತೆಗೆದ.

ಮೊದಲ ಬಾರಿಗೆ ಅವನಿಗೆ ಅನುಮಾನ ಬಂತು. ಆದರೆ ಆಸೆ ಅನ್ನುವುದು ಅಷ್ಟು ಸುಲಭಕ್ಕೆ ಎದ್ದು ಹೋಗುವ ನೆಂಟನಲ್ಲ. ಅವನು ಎಲೆ ಬಿಚ್ಚಿ ಹೂ ಕೈಗೆ ತಗೊಂಡ.

"ಅಜ್ಜಾರ, ನಾವು ಮಾತಾಡಿ ಮುಗಿಯೂದಿಲ್ರಿ. ವೀರಭದ್ರ ಹೇಳ್ಲಿ. ಅಂವ ಏನಂತಾನೋ ಅದಕ್ಕ ನಾ ಬದ್ಧ."

"ಏನಂದ್ರೂ?"

"ಏನಂದ್ರೂ ರೀ."

ಅಜ್ಜಾರು ಮೊರ ಕೆಳಗಿಟ್ಟು, ಮೊಣಕಾಲು ಹಿಡಿದುಕೊಂಡು ಎದ್ದರು. "ನಡಿ ಹಂಗಾದ್ರ."

ಗುಡಿಯೊಳಗೆ ತಂಪಿತ್ತು. ಮೋನಪ್ಪ ಹೊಳೆಯಲ್ಲಿ ಕೈಕಾಲು ತೊಳೆದು ಬಂದ. ಸೊಂಟದ ಕೀಲಿಕೈ ಬಿಚ್ಚಿ ದೇವರ ಮುಂದಿಟ್ಟ. ಹೂ ನೀರಿನಲ್ಲಿ ಅದ್ದಿ ಕಿರೀಟದ ನೆತ್ತಿಯ ಮೇಲಿಟ್ಟು ಕೈಮುಗಿದು ಕುಳಿತ.

"ತಂದೇ, ಆ ಹೊಳಿ ಬಂಗಾರಕ್ಕ ನನ್ನ ಅಂಗಡಿ ದುಡ್ಡು ಹಾಕ್ಲೇನು?"

ಹೂ ಒಂದಿಷ್ಟು ಹೊತ್ತು ಅಂಟಿಕೊಂಡು ನಿಂತಿತ್ತು. ಆಮೇಲೆ ಮೆಲ್ಲಗೆ ಜಾರಿ ಬಲಕ್ಕೆ ಬಿತ್ತು.

ಮೋನಪ್ಪನ ಕಣ್ಣು ತುಂಬಿ ಬಂತು. "ಆತ್ರಿ ಅಜ್ಜಾರ. ಪ್ರಸಾದ ಆತು."

"ಹೂ ಬಿತ್ತು," ಅಂದರು ಅಜ್ಜಾರು.

"ಬಲಕ್ಕ ಬಿತ್ರಿ."

"ಬಲಕ್ಕ ಬಿತ್ತು. ಇನ್ನೊಂದು ಹೂ ಐತೇನು?"

"ಅದಾವ್ರಿ. ಯಾಕ್ರಿ?"

"ಇಡು. ಈ ಸಲ ತಿರುವಿ ಕೇಳು. ಅಂಗಡಿ ಮಾರೂದು ಬಿಟ್ಟುಬಿಡ್ಲೇನು ಅಂತ ಕೇಳು."

"ದೇವ್ರನ್ನ ಎರಡೆರಡು ಸಲ ಕೇಳಬಾರದ್ರಿ."

"ಪ್ಯಾಟ್ಯಾಗ ಒಂದು ಬೆಂಡೋಲಿ ಬಂದ್ರ ಎಷ್ಟು ಸಲ ಒರಿಗೆ ಹಚ್ಚತೀ?"

ಒಂದು ತುದಿಯಲ್ಲಿ ಹಚ್ಚಿ, ಇನ್ನೊಂದು ತುದಿಯಲ್ಲಿ ಹಚ್ಚಿ, ಬೆಸುಗೆಯ ಹತ್ತಿರ ಹಚ್ಚಿ ನೋಡದೆ ಮೋನಪ್ಪ ಯಾರ ಒಡವೆಯನ್ನೂ ಒಪ್ಪಿಕೊಂಡವನಲ್ಲ. ಹೂ ಅದ್ದಿದ. ಕಿರೀಟದ ಮೇಲಿಟ್ಟ.

"ತಂದೇ, ಅಂಗಡಿ ಮಾರೂದು ಬಿಟ್ಟುಬಿಡ್ಲೇನು?"

ಹೂ ನಿಂತಿತು. ಜಾರಿತು. ಬಲಕ್ಕೆ ಬಿತ್ತು.

ಎರಡು ಬಿಳಿ ಹೂ ಒಂದರ ಪಕ್ಕ ಒಂದು ಬಿದ್ದಿದ್ದವು. ಮೋನಪ್ಪ ಅವುಗಳನ್ನೇ ನೋಡುತ್ತ ಕುಳಿತ.

"ಇದೇನ್ರಿ ಅಜ್ಜಾರ? ಮಾರು ಅಂತಾನ, ಮಾರಬ್ಯಾಡ ಅಂತಾನ."

"ನನಗೇನ ಕೇಳ್ತಿ? ನಾ ಪತ್ತಾರನೇನು? ಮುಖವಾಡ ಮಾಡಿದ ಮನಿಯಾಂವ ನೀನು. ನೋಡು."

ಮೋನಪ್ಪ ಎದ್ದು ನಿಂತ. ದೇವರಿಗೆ ಕೈಮುಗಿದು ಮುಖವಾಡವನ್ನು ಮೆಲ್ಲಗೆ ತೆಗೆದು ಬಾಗಿಲ ಬೆಳಕಿಗೆ ತಂದ. ಭಕ್ತನ ಕಣ್ಣು ಬಿಟ್ಟು ಪತ್ತಾರನ ಕಣ್ಣಿನಿಂದ ಅದನ್ನು ಅವನು ನೋಡಿಯೇ ಇರಲಿಲ್ಲ. ಕಿರೀಟದ ಮೇಲೆ ಹೆಬ್ಬೆರಳು ಆಡಿಸಿದ. ಎಡಬದಿ ಮಟ್ಟಸ, ಸುತ್ತಿಗೆಯ ಗುರುತುಗಳು ಸಾಲು ಹಿಡಿದು ನಡೆದಿದ್ದವು. ಅಪ್ಪನ ಕೈಯ ಕೆಲಸ. ಬಲಬದಿಗೆ ಬಂದಾಗ ಬೆರಳು ತಡೆಯಿತು. ಅಲ್ಲಿ ಪೆಟ್ಟುಗಳು ದಿಕ್ಕಾಪಾಲಾಗಿದ್ದವು. ಒಂದು ಮೇಲೆ, ಒಂದು ಕೆಳಗೆ. ಬೆಳ್ಳಿ ಅಲ್ಲಿ ತೆಳುವಾಗಿ, ಕೂದಲೆಳೆಯಷ್ಟು ಕೆಳಗೆ ಇಳಿದಿತ್ತು.

ಒದ್ದೆ ಹೂವಿಗೆ ಅಷ್ಟು ಇಳಿಜಾರು ಸಾಕು.

"ಬಲಕ್ಕ ವಾಲೈತ್ರಿ," ಅಂದ ಮೋನಪ್ಪ.

"ಹೌದು."

"ನಿಮಗ ಗೊತ್ತಿತ್ತೇನ್ರಿ?"

"ಏರಿಸಿದ ದಿನದಿಂದ ಗೊತ್ತೈತಿ."

"ಹಂಗಾದ್ರ ಇಷ್ಟು ವರ್ಷ ಮಂದಿಗೆಲ್ಲಾ..."

"ನಾ ಒಮ್ಮೆರ ಪ್ರಸಾದ ಆತು ಅಂದಿದ್ದು ಕೇಳಿಯೇನು? ಹೂ ಬಿತ್ತು ಅಂದೇನಿ. ಬಂದವರು ಮಗಳ ಮದವಿ ಕೇಳ್ತಿದ್ರು, ಬಾವಿ ತೋಡೂದು ಕೇಳ್ತಿದ್ರು. ಅವ್ರು ಅದನ್ನ ಹೆಂಗೂ ಮಾಡಾವ್ರ ಇದ್ರು. ಬೆನ್ನ ಮ್ಯಾಲೆ ಒಂದು ಕೈ ಬೇಕಾಗಿತ್ತು, ಅಷ್ಟ."

"ತಪ್ಪು ಕೆಲಸಕ್ಕ ಕೇಳಾಕ ಬಂದ್ರ?"

"ಅಂಥವರನ್ನ ಮೊದ್ಲು ಜೋಳ ಹಸನ ಮಾಡಾಕ ಕೂಡಿಸ್ತಿದ್ದೆ. ಭಾಳ ಮಂದಿ ಅಲ್ಲಿಂದನ ಎದ್ದು ಮನಿಗೆ ಹೋಗ್ಯಾರ. ನೀ ಒಬ್ಬ ಗಟ್ಟಿ ಗಿರಾಕಿ."

ಬೇರೆ ದಿನವಾಗಿದ್ದರೆ ಮೋನಪ್ಪ ನಗುತ್ತಿದ್ದ. ಈಗ ಅವನು ಮುಖವಾಡದ ಬಲಬದಿಯ ಮೇಲಿನ ಹೆಬ್ಬೆರಳು ತೆಗೆದಿರಲಿಲ್ಲ. ಆ ಪೆಟ್ಟುಗಳು ಅವನಿಗೆ ನೆನಪಾಗತೊಡಗಿದ್ದವು.

ಬಲಬದಿ ಕೊನೆಗೆ ಉಳಿದಿತ್ತು, ಅಷ್ಟರಲ್ಲಿ ಅಪ್ಪನ ಕೈ ಸೋತಿತ್ತು. ನೀ ಅತ್ತ ಸರಿ, ಇದು ನಾನ ಮುಗಿಸ್ತೇನಿ ಅಂದಿದ್ದ. ಸುತ್ತಿಗೆ ಎತ್ತಿದಾಗ ಕೈ ನಡುಗಿತು. ಇಳಿಸಿದಾಗ ನಡುಗಿತು. ಹುಡುಗ ಮೋನಪ್ಪ ಬೇರೆ ಕಡೆ ನೋಡಿದ್ದ.

"ಅಪ್ಪನ ಕೈ ರೀ ಇದು," ಅಂದ.

"ಯಾಕ ನಡುಗ್ತಿತ್ತು, ನೆನಪೈತೇನು?"

ನೆನಪಿಲ್ಲದೆ ಏನು. ಕಾಳಪ್ಪ ಪತ್ತಾರ ಗುಡಿಗಳ ತಾಮ್ರದ ಕಳಸಕ್ಕೆ ಬಂಗಾರದ ಲೇಪ ಹಾಕುವುದರಲ್ಲಿ ಹೆಸರುವಾಸಿ. ಬಂಗಾರವನ್ನು ಪಾದರಸದಲ್ಲಿ ಕಲಸಿ, ಕಳಸಕ್ಕೆ ಬಳಿದು, ಬೆಂಕಿಗೆ ಹಿಡಿಯಬೇಕು. ಪಾದರಸ ಹೊಗೆಯಾಗಿ ಹೋಗುತ್ತದೆ, ಬಂಗಾರ ಉಳಿಯುತ್ತದೆ. ಹೊಗೆ ಎಲ್ಲಿಗೆ ಹೋಗುತ್ತದೆ ಅಂತ ಆಗ ಯಾರೂ ಕೇಳಲಿಲ್ಲ. ಕೊನೆಕೊನೆಗೆ ಅಪ್ಪನ ಚಹಾ ಬಾಯಿಗೆ ಹೋಗುವಷ್ಟರಲ್ಲಿ ಅಂಗಿಯ ಮೇಲೆ ಚೆಲ್ಲುತ್ತಿತ್ತು. ಅವ್ವ ಕೈತುತ್ತು ಮಾಡಿ ಉಣ್ಣಿಸುತ್ತಿದ್ದಳು. ಅಂಥ ಕೈಯಿಂದ ಆತ ಮಾಡಿದ ಕಡೆಯ ಕೆಲಸ ಈ ಮುಖವಾಡ.

"ಪಾದರಸದ ಹೊಗಿ ರೀ," ಅಂದ ಮೋನಪ್ಪ.

ಅಂದವನು ಹಾಗೇ ನಿಂತ.

ಅಜ್ಜಾರು ಕೇಳಿದರು. "ಏನಾತೋ?"

"ಅಜ್ಜಾರ, ಆ ಹೊಳ್ಯಾಗ ಬಂಗಾರ ಹಿಟ್ಟಿನಂಗ ಇರತೈತ್ರಿ. ಅದನ್ನ ಹಿಡಿಯಾಕ ಪಾದರಸ ಹಾಕತಾರ. ಆಮ್ಯಾಲೆ ಸುಡತಾರ."

"ಯಾರು ಸುಡತಾರ?"

"ಅಲ್ಲಿ ಮಂದಿ ರೀ. ವಿಡಿಯೋದಾಗ ಒಬ್ಬಾಂವ ಇದ್ದ. ತಗಡಿನ ಮ್ಯಾಲೆ ಇಟ್ಟು ಕೆಂಡಕ್ಕ ಹಿಡಿದಿದ್ದ. ಆ ತಗಡು ಅಲುಗಾಡತಿತ್ತು. ನಾ ತಿಳಕೊಂಡೆ, ಮೊಬೈಲ್ ಹಿಡದಾವನ ಕೈ ಅಲುಗಾಡತೈತಿ ಅಂತ."

ಆ ವಿಡಿಯೋವನ್ನು ಮೋನಪ್ಪ ಎಷ್ಟೋ ಸಲ ನೋಡಿದ್ದ. ನೀಲವ್ವನಿಗೆ ತೋರಿಸಿದ್ದ. ಪ್ರತಿ ಸಲವೂ ಅವನ ಕಣ್ಣು ತಗಡಿನ ಮೇಲಿನ ಹಳದಿ ಚುಕ್ಕೆಯ ಮೇಲೆಯೇ ಇತ್ತು.

"ಅವನ ಹಿಂದ ಒಂದು ಗಿಡ ಇತ್ರಿ ಅಜ್ಜಾರ. ಗಿಡ ಅಲುಗಾಡತಿದ್ದಿಲ್ಲ. ನಡಗತಿದ್ದದ್ದು ಅವನ ಕೈ ರೀ."

ಹೊರಗೆ ಹೊಳೆ ತನ್ನ ಪಾಡಿಗೆ ಹರಿಯುತ್ತಿತ್ತು.

ಮೋನಪ್ಪ ಅತ್ತ. ನಾಚಿಕೆ ಪಡದೆ ಅತ್ತ. ಅಪ್ಪನಿಗಾಗಿ ಅತ್ತನೋ, ಹೆಸರೂ ಗೊತ್ತಿಲ್ಲದ ಆ ಮನುಷ್ಯನಿಗಾಗಿ ಅತ್ತನೋ, ಕೈಗೆ ಬರುವ ಮೊದಲೇ ಹೋದ ಬಂಗಾರಕ್ಕಾಗಿ ಅತ್ತನೋ, ಅವನಿಗೇ ತಿಳಿಯಲಿಲ್ಲ. ಅಜ್ಜಾರು ಪಕ್ಕದಲ್ಲಿ ಕುಳಿತು ಅವನ ಬೆನ್ನ ಮೇಲೆ ಕೈ ಇಟ್ಟರು. ಅಳು ಮುಗಿಯುವ ತನಕ ತೆಗೆಯಲಿಲ್ಲ.

ಆಮೇಲೆ ಮೋನಪ್ಪ ಮೂಗು ಒರೆಸಿಕೊಂಡು ದೇವರ ಮುಂದಿನ ಕೀಲಿಕೈ ತೆಗೆದುಕೊಂಡ. ಸೊಂಟದ ದಾರಕ್ಕೆ ಮತ್ತೆ ಕಟ್ಟಿಕೊಂಡ. ಗಂಟು ಗಟ್ಟಿಯಾಗಿದೆಯೋ ಇಲ್ಲವೋ ಅಂತ ಎಳೆದು ನೋಡಿದ.

"ಹೋಗಿ ಸುಭಾಸಗ ಒಲ್ಲೆ ಅಂತ ಹೇಳ್ತೇನ್ರಿ. ಮೊಬೈಲ್ ಅಂಗಡಿಯಾವಗೂ ಹೇಳ್ತೇನಿ. ಬೈತಾನ, ಬೈಯ್ಲಿ."

"ಬೈಯ್ಲಿ ಬಿಡು. ನೀಲವ್ವಗ ಏನಂತೀ?"

"ಅಜ್ಜಾರು ಜೋಳ ಹಸನ ಮಾಡಸಿದ್ರು ಅಂತೇನ್ರಿ."

ಈಗ ಇಬ್ಬರೂ ನಕ್ಕರು.

ಮೋನಪ್ಪ ಮುಖವಾಡವನ್ನು ತನ್ನ ಹೆಗಲ ಮೇಲಿನ ವಲ್ಲಿಯಲ್ಲಿ ಸುತ್ತತೊಡಗಿದ. "ಇದನ್ನ ಅಂಗಡಿಗೆ ಒಯ್ಯತೇನ್ರಿ ಅಜ್ಜಾರ. ಬಲಗಡೆ ಒಂದೀಟು ಎತ್ತಿ ಮಟ್ಟಸ ಮಾಡಿ ತರತೇನಿ. ಮಂದಿಗೆ ಇನ್ನರ ಖರೇ ಹೇಳ್ಲಿ."

ಅಜ್ಜಾರು ವಲ್ಲಿ ಬಿಚ್ಚಿ ಮುಖವಾಡ ತಗೊಂಡರು. ಧೋತರದ ಸೆರಗಿನಿಂದ ಅದರ ಮೀಸೆ ಒರೆಸಿದರು, ಕೆನ್ನೆ ಒರೆಸಿದರು. ಕಿರೀಟದ ಬಲಬದಿಯನ್ನು, ಕಾಳಪ್ಪನ ಪೆಟ್ಟುಗಳಿದ್ದಲ್ಲಿ, ಅಂಗೈಯಿಂದ ಒಮ್ಮೆ ಸವರಿದರು. ಒಯ್ದು ದೇವರಿಗೆ ಏರಿಸಿ, ಹಿಂದೆ ಸರಿದು ನಿಂತರು.

"ತಿದ್ದಬ್ಯಾಡೋ ಮೋನ್ಯಾ. ಮಂದಿಗೆಲ್ಲಾ ಅದು ಹೂಂ ಅಂತನ ಇರ್ಲಿ. ನಿಮ್ಮಪ್ಪನ ಕೈ ಬ್ಯಾಡ ಅಂದದ್ದು ನಿನಗ ಕೇಳಿಸ್ತಲ್ಲ, ಅಷ್ಟ ಸಾಕು."